ಕಾಡಿಗೆ ಹೋಗಬೇಡಿ ಎಂದರೆ



ಹೊಸ ರೋಗವೊಂದು ಊರಿಗೆ ಕಾಲಿಟ್ಟಾಗ ಜನ ಏನು ಮಾತಾಡಿಕೊಳ್ಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಮಾರನೆಯ ಬೆಳಗಿನ ಕೆಲಸವನ್ನು ಹೇಗೆ ಸಂಭಾಳಿಸುತ್ತಾರೆ ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು. ಈ ವಿಷಯ ಎತ್ತಿದರೆ ಎಲ್ಲರಿಗೂ ತಟ್ಟನೆ ನೆನಪಾಗುವುದು 2020ರ ಕೊರೊನಾ. ಅದನ್ನು ಎಲ್ಲರೂ ಅನುಭವಿಸಿದ್ದೇವೆ, ಎಲ್ಲರೂ ಹೇಳಿ ಮುಗಿಸಿದ್ದೇವೆ. ನಾನು ಹೇಳಹೊರಟದ್ದು ಅದಕ್ಕಿಂತ ಅರವತ್ತು ವರ್ಷಕ್ಕೂ ಹಿಂದೆ ನಮ್ಮದೇ ಮಲೆನಾಡಿನಲ್ಲಿ ಪತ್ತೆಯಾದ, ಇವತ್ತಿಗೂ ಬೇಸಿಗೆ ಬಂತೆಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹೆಸರು ಕಾಣುವ ಒಂದು ವೈರಸ್ಸಿನ ಸಂಗತಿ. ದಾಖಲೆಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ.

1957ರ ಮಾರ್ಚ್ ತಿಂಗಳು. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಕಾಡಿನಂಚಿನ ಹಳ್ಳಿಗಳಲ್ಲಿ ಒಬ್ಬರ ಹಿಂದೊಬ್ಬರು ಜ್ವರದಿಂದ ಹಾಸಿಗೆ ಹಿಡಿದರು. ಮಲೆನಾಡಿಗೆ ಜ್ವರ ಹೊಸದೇನಲ್ಲ. ಮಲೇರಿಯಾದ ಚಳಿಜ್ವರದಲ್ಲಿ ತಲೆಮಾರುಗಳೇ ನರಳಿದ ಸೀಮೆ ಅದು. ಆದರೆ ಈ ಜ್ವರದ ನಡೆ ಬೇರೆ. ಬೆಳಗ್ಗೆ ಗಟ್ಟಿಮುಟ್ಟಾಗಿ ಕತ್ತಿ ಹಿಡಿದು ಹೋದವನು ಸಂಜೆ ತಲೆ ಸಿಡಿಯುತ್ತದೆ ಅಂತ ಮಲಗುತ್ತಿದ್ದ. ಸೊಂಟ, ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ಕಣ್ಣು ಕೆಂಪು. ಕೆಲವರಿಗೆ ಮೂಗಲ್ಲಿ, ವಸಡಿನಲ್ಲಿ ರಕ್ತ. ವಾರ, ಹತ್ತು ದಿನ ಕಳೆದು ಜ್ವರ ಬಿಟ್ಟಿತು, ಗಂಜಿ ರುಚಿಸಿತು ಅನ್ನುವಷ್ಟರಲ್ಲಿ ಕೆಲವರಿಗೆ ಮತ್ತೆ ಜ್ವರ ಏರುತ್ತಿತ್ತು. ಈ ಸಲ ಕುತ್ತಿಗೆ ಬಿಗಿತ, ಕೈನಡುಕ, ಅಸಂಬದ್ಧ ಮಾತು. ಟೈಫಾಯ್ಡ್ ಜಾತಿಯ ಯಾವುದೋ ಜ್ವರ ಇರಬಹುದೆಂಬುದು ವೈದ್ಯರ ಮೊದಲ ಗುಮಾನಿ.

ಹಳ್ಳಿಯವರು ಮಾತ್ರ ಇನ್ನೊಂದು ಮಾತು ಹೇಳುತ್ತಿದ್ದರು: ಕಾಡಿನಲ್ಲಿ ಮಂಗಗಳೂ ಸಾಯುತ್ತಿವೆ.

ಈ ಒಂದು ಮಾತಿನ ಬೆಲೆ ಎಷ್ಟು ಎಂದು ನಾವು ಸಾಮಾನ್ಯವಾಗಿ ಲೆಕ್ಕ ಹಾಕುವುದಿಲ್ಲ. ಜ್ವರ ಬಂದ ಊರಿನಲ್ಲಿ ಹತ್ತು ಮಾತು ಹುಟ್ಟುತ್ತವೆ. ಅಮ್ಮನಿಗೆ ಹರಕೆ ತೀರಿಸಿಲ್ಲ, ಚೌಡಿಯ ಬನಕ್ಕೆ ಕತ್ತಿ ಹಾಕಿದರು, ಹನುಮಂತನಿಗೆ ಅಪಚಾರವಾಯಿತು ಎಂಬ ವಿವರಣೆಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ವಿದ್ಯಾವಂತ ಅಧಿಕಾರಿಯೊಬ್ಬ ಇದನ್ನೆಲ್ಲ ಒಟ್ಟಿಗೆ ಕಟ್ಟಿ ಮೂಢನಂಬಿಕೆ ಅಂತ ಮೂಲೆಗೆ ಎಸೆದಿದ್ದರೆ ಮಂಗಗಳ ಸಾವೂ ಅದೇ ಮೂಲೆಗೆ ಬೀಳುತ್ತಿತ್ತು. ಹಾಗಾಗಲಿಲ್ಲ. ಕಾರಣ ಹೇಳುವುದರಲ್ಲಿ ಜನ ಎಡವಿರಬಹುದು, ಕಂಡದ್ದನ್ನು ಹೇಳುವುದರಲ್ಲಿ ಎಡವಿರಲಿಲ್ಲ. ಕಪ್ಪು ಮೂತಿಯ ಮುಸಿಯ ಮರದಿಂದ ಬಿದ್ದದ್ದು, ಕೆಂಪು ಮೂತಿಯ ಮಂಗ ಹಳ್ಳದ ಬದಿಯಲ್ಲಿ ಸತ್ತು ಬಿದ್ದದ್ದು, ಅದಾದ ಮೇಲೆ ಅದೇ ದಿಕ್ಕಿನ ಕಾಡಿಗೆ ಹೋದವರಿಗೆ ಜ್ವರ ಬಂದದ್ದು, ಇವನ್ನೆಲ್ಲ ಅವರು ಕಣ್ಣಾರೆ ಕಂಡಿದ್ದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು.

ಆ ಕೇಂದ್ರ ಶುರುವಾದದ್ದು 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅಲ್ಲಿದ್ದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರಿಗೆ ಕಾಡು, ಸತ್ತ ಮಂಗ, ಮನುಷ್ಯನಿಗೆ ಜ್ವರ ಎಂಬ ಮೂರೂ ಒಂದೇ ಕಡೆ ಇದೆ ಎಂದು ಕೇಳಿದಾಗ ಎದೆ ಧಸಕ್ಕೆಂದಿರಬೇಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವುದು ಹೀಗೆಯೇ. ಮೊದಲು ಮಂಗ ಸಾಯುತ್ತದೆ, ಆಮೇಲೆ ಮರ ಕಡಿಯುವವನು. ಹಳದಿ ಜ್ವರ ಅಲ್ಲಿಯವರೆಗೆ ಏಷ್ಯಾಕ್ಕೆ ಬಂದಿರಲಿಲ್ಲ, ಇವತ್ತಿಗೂ ಇಲ್ಲಿ ನೆಲೆಯೂರಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮ ಮನೆ ಹಿತ್ತಲಲ್ಲೇ ಇದೆ. ಆ ರೋಗ ಸೊರಬಕ್ಕೆ ಬಂದಿದೆ ಎಂದಾಗಿದ್ದರೆ ಇಡೀ ದೇಶವೇ ನಡುಗಬೇಕಿತ್ತು. ಹೊಸ ವೈರಸ್ ಬಂದಾಗ ಜನಕ್ಕೆ ಗಾಬರಿ, ವಿಜ್ಞಾನಿಗಳು ನಿರ್ಲಿಪ್ತರು ಅಂತ ಒಂದು ಚಿತ್ರ ನಮ್ಮ ತಲೆಯಲ್ಲಿದೆ. 1957ರಲ್ಲಿ ಹೆಚ್ಚು ಹೆದರಿದವರು ಯಾರು ಎಂದು ಕೇಳಿದರೆ ನಾನಂತೂ ಪುಣೆಯವರ ಕಡೆ ಬೆರಳು ತೋರಿಸುತ್ತೇನೆ. ಆಗಬಹುದಾದದ್ದು ಏನೆಂದು ಗೊತ್ತಿದ್ದವರು ಅವರೇ.

ಸೊರಬದ ಕ್ಯಾಸನೂರು ಕಾಡಿನ ಮಂಗನ ದೇಹದಿಂದ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಹಳದಿ ಜ್ವರ ಅಲ್ಲ ಎಂದು ಖಚಿತವಾಯಿತು. ಒಂದು ಸಮಾಧಾನ. ಇನ್ನೊಂದು ಬೆರಗೂ ಕಾದಿತ್ತು. ಈ ವೈರಸ್ಸಿನ ನೆಂಟಸ್ತಿಕೆ ಇದ್ದದ್ದು ರಷ್ಯಾದ ಹಿಮಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಜೊತೆ! ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರಲ್ಲ, ದನದ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಹೀರುವುದು, ಅದೇ. ಹಾಗಾದರೆ ಇಲ್ಲಿಯೂ ಉಣುಗೇ ಇರಬೇಕು ಎಂದು ಹುಡುಕಾಟ ಶುರುವಾಯಿತು. ಸಾಗರದಲ್ಲಿ ಕ್ಷೇತ್ರ ಠಾಣೆ ಮಾಡಿಕೊಂಡು ವರ್ಷಗಟ್ಟಲೆ ಕಾಡು ಅಲೆದರು. ಉಣುಗು ಹಿಡಿಯುವ ಕ್ರಮ ಕೇಳಿದರೆ ನಗು ಬರುತ್ತದೆ. ಬಿದಿರ ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ಪೊದೆಯ ಮೇಲೆ, ತರಗೆಲೆಯ ಮೇಲೆ ಎಳೆದುಕೊಂಡು ಹೋಗುವುದು. ಬಟ್ಟೆಗೆ ಹತ್ತಿದ ಉಣುಗನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುವುದು. ಹೆಣ ಎತ್ತಿದ ಊರಿನಲ್ಲಿ, ಪ್ಯಾಂಟು ತೊಟ್ಟ ಪರವೂರಿನವರು ಕಾಡಿನೊಳಗೆ ಬಿಳಿ ಬಟ್ಟೆ ಎಳೆದಾಡುವುದನ್ನು ಕಂಡವರ ಮನಸ್ಸಿನಲ್ಲಿ ಏನೇನು ಓಡಿರಬಹುದು, ನೀವೇ ಯೋಚಿಸಿ.

ಈ ಸಂಶೋಧನೆಯಲ್ಲಿ ಪುಣೆಯ ಪ್ರಯೋಗಾಲಯದ ಸಿಬ್ಬಂದಿಗೂ ಹಲವರಿಗೆ ಇದೇ ಜ್ವರ ಬಂತು. ಇವತ್ತು ಈ ವೈರಸ್ಸನ್ನು ಮುಟ್ಟಬೇಕಾದರೆ ಮುಚ್ಚಿದ ಕೋಣೆ, ಸೋಸಿದ ಗಾಳಿ, ಅಡಿಯಿಂದ ಮುಡಿಯವರೆಗೆ ಮುಸುಕು ಬೇಕು. ಮಲೆನಾಡಿನವನು ಅದೇ ವೈರಸ್ ಇರುವ ಕಾಡಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗುತ್ತಾನೆ.

ಯಾಕೆ ಹೋಗುತ್ತಾನೆ? ಈ ಭಾಷಣದಲ್ಲಿ ನನಗೆ ಮುಖ್ಯವಾದ ಪ್ರಶ್ನೆ ಇದು. ರೋಗದ ಮಾತು ಬಂದಾಗಲೆಲ್ಲ ಕೇಳಿಬರುವ ಮೊದಲ ಸಲಹೆ "ಕಾಡಿಗೆ ಹೋಗಬೇಡಿ." ಕರಪತ್ರದಲ್ಲಿ ಅದೇ, ಆಟೋಗೆ ಕಟ್ಟಿದ ಮೈಕಿನಲ್ಲಿ ಅದೇ. ಸಲಹೆ ತಪ್ಪಲ್ಲ. ಆದರೆ ಅಡಿಕೆ ತೋಟದವನಿಗೆ ಕಾಡು ಅಂದರೆ ಪ್ರವಾಸದ ಜಾಗ ಅಲ್ಲವಲ್ಲ. ತೋಟದ ನೆತ್ತಿಯ ಮೇಲೇ ಸೊಪ್ಪಿನ ಬೆಟ್ಟ. ಅಲ್ಲಿಯ ಹಸಿ ಸೊಪ್ಪು, ಒಣ ದರಗು ಕೊಟ್ಟಿಗೆಗೆ ಬರಬೇಕು. ಅದನ್ನು ದನ ತುಳಿಯಬೇಕು. ಅದು ಗೊಬ್ಬರಗುಂಡಿಯಲ್ಲಿ ಕಳಿತು ತೋಟಕ್ಕೆ ಇಳಿಯಬೇಕು. ದರಗು ಬೀಳುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಗುಡಿಸಿ ಗುಪ್ಪೆ ಮಾಡಿ, ದೊಡ್ಡ ಬುಟ್ಟಿಯಲ್ಲೋ ಬಲೆಯಲ್ಲೋ ತುಂಬಿ ತಲೆಯ ಮೇಲೆ ಹೊತ್ತು ತರುವವರು ಬಹುಪಾಲು ಹೆಂಗಸರು, ಕೂಲಿಯವರು. ಅಡಿಕೆ ಕೊಯ್ಲು, ಕಾಳುಮೆಣಸಿನ ಕೊಯ್ಲು, ಸೌದೆ ಒಟ್ಟುವುದು, ಮಳೆಗಾಲಕ್ಕೆ ಮುಂಚೆ ಬೇಲಿಗೆ ಗೂಟ ತರುವುದು, ಎಲ್ಲವೂ ಆ ತಿಂಗಳುಗಳಲ್ಲೇ.

ಉಣುಗಿನ ಪಂಚಾಂಗವೂ ಹೆಚ್ಚುಕಡಿಮೆ ಅದೇ. ಮಳೆ ನಿಂತ ಮೇಲೆ ಮರಿ ಉಣುಗು ಹುಲ್ಲು, ತರಗೆಲೆಯ ಮೇಲೆ ಬರುತ್ತದೆ. ಅದು ಇನ್ನೊಂದು ಹಂತಕ್ಕೆ ಬೆಳೆದು, ಎಳ್ಳಿನ ಕಾಳಿಗಿಂತ ಚಿಕ್ಕದಾಗಿ ಕಣ್ಣಿಗೆ ಬೀಳದಂತೆ ಇರುವಾಗ ಮನುಷ್ಯನಿಗೂ ಮಂಗನಿಗೂ ಹತ್ತುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕಾಡಿನ ಇಲಿ, ಮೂಗಿಲಿ, ಅಳಿಲಿನಂಥ ಸಣ್ಣ ಜೀವಿಗಳಲ್ಲಿ ವೈರಸ್ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು, ಅದಕ್ಕೆ ಮೇಯಲು ಬಿಟ್ಟ ದನ ಸಿಗುತ್ತದೆ. ದನಕ್ಕೆ ಕಾಯಿಲೆ ಇಲ್ಲ, ಆದರೆ ರಕ್ತ ಕುಡಿದು ಬಿದ್ದ ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಕಾಡು ಕಡಿದು ಹೊಲ, ತೋಟ, ಬ್ಯಾಣ ಬೆಳೆದಂತೆ, ದನ ಹೆಚ್ಚಿದಂತೆ ಕಾಡಿನಂಚಿನಲ್ಲಿ ಉಣುಗು ಹೆಚ್ಚಿತು ಎಂದು ಹೋರ್ಹೆ ಬೊಶೆಲ್ ಎಂಬ ಸಂಶೋಧಕರು 1960ರ ದಶಕದಲ್ಲೇ ವಾದಿಸಿದರು. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ, ಗೇರು ನೆಡುವುದಕ್ಕೆ ಕಾಡು ಸವರಿದ ಜಾಗದಲ್ಲಿ ರೋಗ ಭುಗಿಲೆದ್ದದ್ದು ಆ ವಾದಕ್ಕೆ ಬಲ ಕೊಟ್ಟಿತು. ಹಾಗಾಗಿ "ವೈರಸ್ಸನ್ನು ಯಾರು ತಂದರು" ಎಂಬ ಪ್ರಶ್ನೆಗಿಂತ, ಅಲ್ಲೇ ಇದ್ದದ್ದು ನಮ್ಮ ತನಕ ಬರಲು ದಾರಿ ಯಾರು ಮಾಡಿಕೊಟ್ಟರು ಎಂಬ ಪ್ರಶ್ನೆ ಹೆಚ್ಚು ಉಪಯೋಗದ್ದು.

ಜನಕ್ಕೆ ಬೇಕಾದದ್ದು ಮಾತ್ರ ಮೊದಲ ಪ್ರಶ್ನೆಯ ಉತ್ತರ. ತಂದವರು ಯಾರಾದರೂ ಇರಲೇಬೇಕು. ರಷ್ಯಾದ ವೈರಸ್ಸಿನ ನೆಂಟ ಎಂದೊಡನೆ, ಅಲ್ಲಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂದು ವಿಜ್ಞಾನಿಗಳೇ ಯೋಚಿಸಿದರು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ವಿದೇಶದ ಹಣ, ಹಕ್ಕಿ, ರೋಗ, ಶೀತಲ ಸಮರ! 1970ರ ದಶಕದಲ್ಲಿ ಪತ್ರಿಕೆಗಳು ಇದನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದವು. ಅಮೆರಿಕನ್ನರು ರೋಗಾಣು ಯುದ್ಧದ ತಾಲೀಮನ್ನು ನಮ್ಮ ನೆಲದಲ್ಲಿ ಮಾಡುತ್ತಿದ್ದಾರೆ ಎಂಬ ಸಂಶಯ ಸಂಸತ್ತಿನ ಸಮಿತಿಯವರೆಗೂ ಹೋಯಿತು. ಹಕ್ಕಿ ತಂದಿತೆಂಬುದಕ್ಕೆ ಆಧಾರ ಸಿಗಲಿಲ್ಲ. ವೈರಸ್ಸಿನ ವಂಶಾವಳಿ ನೋಡುವ ಈಚಿನ ಅಧ್ಯಯನಗಳು ಅದು ರಷ್ಯಾದ ಬಳಗದಿಂದ ಬೇರೆಯಾಗಿ ಬಹಳ ಕಾಲವಾಗಿದೆ ಎನ್ನುತ್ತವೆ. ಕೊರೊನಾ ಬಂದಾಗ ವಾಟ್ಸ್ಆಪ್‌ನಲ್ಲಿ ಓಡಾಡಿದ ಕತೆಗಳು ಹೊಸವು ಅಂದುಕೊಂಡಿದ್ದೆವು. ಕತೆಯ ಅಚ್ಚು ಹಳೆಯದೇ, ಹಂಚುವ ಯಂತ್ರ ಮಾತ್ರ ಹೊಸದು.

ಇನ್ನು ಹೆಸರು. ಕಾಯಿಲೆಗೆ ಕ್ಯಾಸನೂರಿನ ಹೆಸರಿಟ್ಟಾಗ ಅದು ವೈದ್ಯಲೋಕದ ಆಗಿನ ವಾಡಿಕೆ, ಯಾರೂ ತಪ್ಪೆನ್ನಲಿಲ್ಲ. ರೋಗಗಳಿಗೆ ಊರಿನ, ಜನಾಂಗದ, ಪ್ರಾಣಿಯ ಹೆಸರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ನಮ್ಮ ರೋಗದ ಅಧಿಕೃತ ಹೆಸರಿನಲ್ಲಿ ಊರಿದೆ, ಆಡುವ ಹೆಸರಿನಲ್ಲಿ ಪ್ರಾಣಿ ಇದೆ. ಎರಡಕ್ಕೂ ಬೆಲೆ ತೆತ್ತಿದ್ದೇವೆ. ಮಂಗನ ಕಾಯಿಲೆ ಎಂದ ಕೂಡಲೇ ಮಂಗನೇ ಅಪರಾಧಿ ಎಂದಾಗುತ್ತದೆ. ಓಡಿಸಿ, ಹೊಡೆಯಿರಿ ಎಂಬ ಮಾತು ಬರುತ್ತದೆ. ನಿಜವಾಗಿ ಮಂಗ ನಮಗಿಂತ ಮೊದಲು ಸಾಯುವ ಜೀವ. ಅದು ಸಾಯದಿದ್ದರೆ ನಮಗೆ ಸುಳಿವೇ ಸಿಗುವುದಿಲ್ಲ.

ಸತ್ತ ಮಂಗ ತೋಟದಲ್ಲಿ ಕಂಡಾಗ ಒಂದು ಮನೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ನೋಡುವುದು ನಾಯಿಯೋ ಅಡಿಕೆ ಕೊನೆ ತೆಗೆಯಲು ಬಂದವನೋ. ಯಜಮಾನನಿಗೆ ಸುದ್ದಿ ಮುಟ್ಟುತ್ತದೆ. ಅಜ್ಜಿಯ ಮಾತು ಒಂದೇ: "ಆಂಜನೇಯ ಕಣೋ, ಹಾಗೇ ಬಿಡಬಾರದು. ಒಂದು ಬಟ್ಟೆ ಹೊದಿಸಿ ಹೂವು ಹಾಕಿ ಮಣ್ಣು ಮಾಡು." ನಮ್ಮ ಹಳ್ಳಿಗಳಲ್ಲಿ ಸತ್ತ ಮಂಗನಿಗೆ ಸಂಸ್ಕಾರ ಮಾಡುವುದುಂಟು, ಕೆಲವು ಕಡೆ ಮೆರವಣಿಗೆಯೂ ಉಂಟು. ಮಗ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದಾನೆ. ಅರಣ್ಯ ಇಲಾಖೆಗೆ ಹೇಳಬೇಕೋ, ಆರೋಗ್ಯ ಇಲಾಖೆಗೋ, ಪಂಚಾಯಿತಿಗೋ? ಹೇಳಿದರೆ ಇಲಾಖೆಯವರು ಬಂದು ಕೀಟನಾಶಕದ ಪುಡಿ ಹೊಡೆದು, ಪಶುವೈದ್ಯರು ಕಳೇಬರದಿಂದ ಮಾದರಿ ತೆಗೆದು, ಅದನ್ನು ಸುಟ್ಟು ಹಾಕಿ ಹೋಗುತ್ತಾರೆ. ಆಮೇಲೆ? ನಾಳೆಯಿಂದ ಕೊನೆಯವನು ಬರುತ್ತಾನೋ ಇಲ್ಲವೋ. "ಅವರ ತೋಟದಲ್ಲಿ ಮಂಗ ಸತ್ತಿತಂತೆ" ಎಂಬ ಮಾತು ಸಂಜೆಯೊಳಗೆ ಪೇಟೆ ಸೇರುತ್ತದೆ. ಹೇಳದೆ ಹೂತುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಉಣುಗು ಅಲ್ಲಿರುವುದಿಲ್ಲ. ಕಚ್ಚಿಕೊಂಡದ್ದೆಲ್ಲ ಕಳಚಿಕೊಂಡು ಸುತ್ತಲಿನ ನೆಲಕ್ಕೆ ಹರಡುತ್ತದೆ. ಅಂದರೆ ಆ ಜಾಗದ ಸುತ್ತ ಕಾಲಿಡುವುದೇ ಅಪಾಯ. ಅಜ್ಜಿಯ ಭಕ್ತಿಗೆ ಇದನ್ನು ಬೈದು ತಿಳಿಸಬೇಕಾಗಿಲ್ಲ. ಅಗ್ನಿಸಂಸ್ಕಾರವೂ ಸಂಸ್ಕಾರವೇ, ದೂರದಿಂದ ಕೈಮುಗಿದರೆ ಸಾಕು ಎಂದು ಹೇಳಿದ ಆಶಾ ಕಾರ್ಯಕರ್ತೆಯ ಮಾತು ನಡೆಯುತ್ತದೆ. ಮೂಢನಂಬಿಕೆ ಬಿಡಿ ಎಂದು ಜೀಪಿನಿಂದ ಇಳಿಯದೇ ಹೇಳಿದವರ ಮಾತು ನಡೆಯುವುದಿಲ್ಲ.

ಎಣ್ಣೆಯ ಕತೆಯೂ ಇಂಥದ್ದೇ. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲಿ, ಉಣುಗು ಹತ್ತದು ಅಂತ ಡಿಎಂಪಿ ಎಂಬ ಎಣ್ಣೆಯನ್ನು ಸರ್ಕಾರ ಹಂಚುತ್ತಿತ್ತು. ಈಚೆಗೆ ಡೆಪಾ ಎಂಬುದು ಬಂದಿದೆ. ಸೀಸೆ ಕೊಟ್ಟು ಸಹಿ ಹಾಕಿಸಿಕೊಂಡರೆ ಇಲಾಖೆಯ ಲೆಕ್ಕ ಮುಗಿಯಿತು. ಮನೆಯೊಳಗಿನ ಲೆಕ್ಕ ಬೇರೆ. "ಅಮ್ಮಾ, ಎಣ್ಣೆ ಹಚ್ಕೊಂಡು ಹೋದ್ರಾ?" ಎಂದರೆ, "ಹಚ್ಕೊಂಡು ಬೆವ್ರು ಬಂದ್ರೆ ಮೈಯೆಲ್ಲ ಜಿಡ್ಡು ತಂಗಿ. ಅದೇ ಕೈಲಿ ಹಾಲು ಕರೆಯೋದು ಹ್ಯಾಗೆ, ಬುತ್ತಿ ಉಣ್ಣೋದು ಹ್ಯಾಗೆ?" ಎಂಬ ಉತ್ತರ ಬರುತ್ತದೆ. ಇದು ಹಟವಲ್ಲ. ಉಪಯೋಗಿಸುವವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ ಎಂದು ಕರಪತ್ರ ಹೇಳುತ್ತದೆ. ಸೀರೆ ಎತ್ತಿ ಕಟ್ಟಿ ದರಗು ಹೊರುವ ಹೆಂಗಸು ಏನನ್ನು ಎಲ್ಲಿಗೆ ಸಿಕ್ಕಿಸಬೇಕು? ಮನೆಗೆ ಬಂದೊಡನೆ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಿ ಎಂಬ ಸಲಹೆ ಮಾತ್ರ ಮಲೆನಾಡಿಗೆ ಚೆನ್ನಾಗಿ ಒಗ್ಗಿತು. ಬಚ್ಚಲೊಲೆಯಲ್ಲಿ ಹಂಡೆ ತುಂಬ ಬಿಸಿನೀರು ಅಲ್ಲಿ ಯಾವಾಗಲೂ ಇರುತ್ತದೆ.

ಲಸಿಕೆ ಇತ್ತು. 1990ರಿಂದ ಮೂರು ದಶಕ ಅದನ್ನೇ ಕೊಟ್ಟರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿಸಿಕೊಂಡ ತೋಳು ಎರಡು ದಿನ ಎತ್ತಲಾಗದಷ್ಟು ನೋಯುತ್ತಿತ್ತು. ಸುಗ್ಗಿಯಲ್ಲಿ ಎರಡು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದವರೂ ಎರಡನೆಯ ಸಲ ಮುಖ ತೋರಿಸುತ್ತಿರಲಿಲ್ಲ. ಕರ್ನಾಟಕದಲ್ಲಿ 2005ರಿಂದ 2010ರ ಅವಧಿಯನ್ನು ಪರಿಶೀಲಿಸಿದ ಅಧ್ಯಯನ ಎರಡು ಡೋಸ್ ಪಡೆದವರಿಗೆ ಸುಮಾರು ಶೇಕಡ 62, ಬೂಸ್ಟರನ್ನೂ ಪಡೆದವರಿಗೆ ಸುಮಾರು ಶೇಕಡ 83 ರಕ್ಷಣೆ ಸಿಕ್ಕಿತೆಂದು ಹೇಳಿತು. ಅಂದರೆ ಲಸಿಕೆ ತೆಗೆದುಕೊಂಡವರಿಗೂ ಜ್ವರ ಬರುವುದುಂಟು. ಅಂಥ ಒಬ್ಬರು ಊರಿಗೆ ಸಿಕ್ಕರೆ ಸಾಕು, "ಚುಚ್ಚಿಸಿಕೊಂಡರೂ ಬಂತಲ್ಲ" ಎಂಬ ಮಾತು ನೂರು ಪೋಸ್ಟರುಗಳನ್ನು ಹೊಡೆದು ಹಾಕುತ್ತದೆ. ಶೇಕಡದ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳದೆ, ಲಸಿಕೆ ಹಾಕಿಸಿ ನಿಶ್ಚಿಂತರಾಗಿ ಎಂದು ಹೇಳಿದವರದ್ದೂ ಇದರಲ್ಲಿ ಪಾಲಿದೆ. ಕೊನೆಗೆ ಆ ಲಸಿಕೆಯ ಸತ್ವವೇ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದನ್ನು ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ.

2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ರಾಜ್ಯಕ್ಕೆಲ್ಲ ಗೊತ್ತಾಯಿತು. ಶರಾವತಿ ಕಣಿವೆಯ ಒಂದು ಗ್ರಾಮ ಪಂಚಾಯಿತಿ, ಜೋಗಕ್ಕೆ ಸಮೀಪ. ಒಂದೇ ಪಂಚಾಯಿತಿಯಲ್ಲಿ ಮೇಲಿಂದ ಮೇಲೆ ಸಾವು. ಆಗ ಅಲ್ಲಿನವರು ಎದುರಿಸಿದ ಚಿಂತೆಗಳು ಎಂಥವು? ಜ್ವರ ಬಂದರೆ ತಾಲ್ಲೂಕು ಆಸ್ಪತ್ರೆಗೋ, ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಣಿಪಾಲಕ್ಕೋ? ವಾಹನಕ್ಕೆ ಯಾರ ಹತ್ತಿರ ಕೇಳುವುದು? ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರು ನಿಂತರೆ ಮನೆಯಲ್ಲಿ ದನ ನೋಡುವವರು ಯಾರು? ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿದೆ, ಸುಲಿಯುವವರು ಬರುತ್ತಿಲ್ಲ. ನೆಂಟರು ಬರುವುದು ನಿಲ್ಲಿಸಿದರು. ಗೊತ್ತಾಗಿದ್ದ ಮದುವೆಯ ಕಡೆಯವರು ಶಾಸ್ತ್ರವನ್ನು ಪೇಟೆಯ ಛತ್ರದಲ್ಲೇ ಇಟ್ಟುಕೊಳ್ಳೋಣ ಎಂದು ನಯವಾಗಿ ಹೇಳಿಕಳಿಸುವುದು ಇಂಥ ಹೊತ್ತಿನಲ್ಲೇ. ಕೆಲವರು ಊರು ಬಿಟ್ಟು ಪೇಟೆಯ ನೆಂಟರ ಮನೆ ಸೇರಿದರು. ಬಿಟ್ಟು ಹೋಗಲು ಇನ್ನೊಂದು ಮನೆ ಇದ್ದವರು ಹೋದರು ಎನ್ನಬೇಕು.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಅರುವತ್ತು ವರ್ಷದಿಂದ ಹೇಳುತ್ತಾ ಬಂದ ಮಾತು. ಹಾಗಿದ್ದರೂ ರೋಗಿಯ ಮನೆಯ ನೀರು ಕುಡಿಯಲು ಹಿಂಜರಿಯುವವರಿದ್ದಾರೆ. ಇದನ್ನು ಕೇಳಿ ಸಿಟ್ಟು ಬರುತ್ತದೆ. ಆದರೆ ಆ ಹೆದರಿಕೆ ಎಲ್ಲಿಂದ ಬಂತು ಎಂದು ಯೋಚಿಸಿದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಪ್ಲೇಗು, ಸಿಡುಬು, ಕಾಲರಾಗಳಲ್ಲಿ ಮುಟ್ಟದೆ ದೂರ ಇದ್ದವರು ಬದುಕಿದರು ಎಂಬ ಪಾಠ ನಮ್ಮ ಹಳ್ಳಿಗಳಿಗೆ ಅಜ್ಜ ಅಜ್ಜಿಯರಿಂದ ಬಂದದ್ದು. ಹೊಸ ರೋಗಕ್ಕೂ ಹಳೆಯ ಪಾಠವನ್ನೇ ಹಚ್ಚುತ್ತಾರೆ. ಒಂದೊಂದು ರೋಗ ಒಂದೊಂದು ದಾರಿಯಲ್ಲಿ ಬರುತ್ತದೆ ಎಂಬುದನ್ನು ಯಾರಾದರೂ ಕೂತು, ಕಾಫಿ ಕುಡಿದು, ಬಿಡಿಸಿ ಹೇಳಿದರೆ ಅರ್ಥವಾಗದವರು ಕಡಿಮೆ.

2020ರ ಬೇಸಿಗೆ ಈ ಪಾಠವನ್ನು ಮತ್ತೂ ಗೋಜಲು ಮಾಡಿತು. ಮಾರ್ಚ್ 12ರಂದು ಕಲಬುರಗಿಯ ಸಾವು ದೇಶದ ಮೊದಲ ಕೊರೊನಾ ಸಾವೆಂದು ದೃಢವಾಯಿತು. 25ರಿಂದ ದೇಶವೇ ಬಾಗಿಲು ಹಾಕಿತು. ಆ ಹೊತ್ತಿಗೆ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಕಾಲ ಉತ್ತುಂಗದಲ್ಲಿತ್ತು. ಒಂದು ರೋಗಕ್ಕೆ ಮನುಷ್ಯರಿಂದ ದೂರ ಇರಿ ಎಂಬ ಸೂಚನೆ, ಇನ್ನೊಂದಕ್ಕೆ ಕಾಡಿನಿಂದ ದೂರ ಇರಿ ಎಂಬ ಸೂಚನೆ. ಬೆಂಗಳೂರಿನಿಂದ ಮಕ್ಕಳು ಊರಿಗೆ ಬಂದಿದ್ದಾರೆ, ಮನೆ ತುಂಬ ಜನ. ಎಷ್ಟೋ ಹಳ್ಳಿಯವರು ರಸ್ತೆಗೆ ಅಡ್ಡ ಮರ ಹಾಕಿ, ಮುಳ್ಳು ಎಳೆದು ಹೊರಗಿನವರನ್ನು ತಡೆದರು. ಮನೆ ಮನೆಗೆ ಹೋಗಿ ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಗೆ ಎರಡೂ ರೋಗದ ಪಟ್ಟಿ. ಜ್ವರ ಇದೆ ಎಂದು ಹೇಳಿದರೆ ಎಲ್ಲಿಗೆ ಎತ್ತಿಕೊಂಡು ಹೋಗುತ್ತಾರೋ ಎಂದು ಹೆದರಿ ಮುಚ್ಚಿಟ್ಟವರು ನಾಡಿನೆಲ್ಲೆಡೆ ಇದ್ದರು. ಉಣುಗು ಕಚ್ಚಿ ಬಂದ ಜ್ವರವನ್ನು ಹಾಗೆ ಮುಚ್ಚಿಟ್ಟರೆ ಜೀವಕ್ಕೆ ಕುತ್ತು. ಈ ಜ್ವರಕ್ಕೆ ಇಂಥದೇ ಅಂತ ಔಷಧ ಇಲ್ಲ ನಿಜ. ಆದರೆ ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆಯಾಗಿ, ಆಸ್ಪತ್ರೆಯಲ್ಲಿ ನೀರಿನಂಶ, ರಕ್ತಸ್ರಾವ ನೋಡಿಕೊಂಡರೆ ಬಹುಪಾಲು ಜನ ಎದ್ದು ಓಡಾಡುತ್ತಾರೆ. ಸಾಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಆಸ್ಪಿರಿನ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ಮಾತ್ರ ಖಂಡಿತ ಬೇಡ, ರಕ್ತಸ್ರಾವ ಹೆಚ್ಚುತ್ತದೆ.

ರೋಗ ಈಗ ಸೊರಬದ್ದು, ಸಾಗರದ್ದು ಮಾತ್ರ ಅಲ್ಲ. 2012ರ ಕೊನೆಗೆ ಬಂಡೀಪುರದ ಕಡೆ, ಆಮೇಲೆ ಕೇರಳದ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2024ರ ಬೇಸಿಗೆಯಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು ಕಂಗೆಟ್ಟಿತು. ಹೊಸ ಊರಿಗೆ ಬಂದಾಗಲೆಲ್ಲ ಅಲ್ಲಿ ಅದು ಹೊಸ ವೈರಸ್ಸೇ. 1957ರ ಮಾತುಗಳೇ ಮತ್ತೆ ಮೊದಲಿನಿಂದ ಶುರುವಾಗುತ್ತವೆ: ಯಾರು ತಂದರು, ಮಂಗನನ್ನು ಏನು ಮಾಡೋಣ, ದನ ಮೇಯಲು ಬಿಡಬಹುದೇ, ನೆಂಟರಿಗೆ ಏನು ಹೇಳೋಣ.

ದನ ಬಿಡಬಹುದೇ ಎಂಬ ಪ್ರಶ್ನೆಗೆ ನೇರ ಉತ್ತರ ಇದೆ, ಅದನ್ನೇ ಹೇಳಿ ಮುಗಿಸುತ್ತೇನೆ. ಮಂಗ ಸತ್ತ ದಿಕ್ಕಿಗೆ ಬಿಡಬೇಡಿ. ಮೇಯ್ದು ಬಂದ ದನದ ಮೈಗೆ ಉಣುಗಿನ ಔಷಧ ಹಾಕಿಸಿ, ಪಶುವೈದ್ಯ ಆಸ್ಪತ್ರೆಯಲ್ಲಿ ಕೇಳಿ. ದರಗನ್ನು ಆ ಬದಿಯಿಂದ ಈ ವರ್ಷ ತರಬೇಡಿ, ತಂದದ್ದರ ಮೇಲೆ ಕೂರಬೇಡಿ, ಮಲಗಬೇಡಿ. ಇನ್ನು ಇಲಾಖೆಯವರು ಈ ಭಾಷಣ ಕೇಳುತ್ತಿದ್ದರೆ ಅವರಿಗೊಂದು ಬಿನ್ನಹ. ಎಣ್ಣೆ, ಔಷಧ, ರಕ್ತ ತೆಗೆಯುವ ಸಿಬ್ಬಂದಿ ಹಳ್ಳಿ ತಲುಪಬೇಕಾದದ್ದು ನವೆಂಬರಿನಲ್ಲಿ, ಮೊದಲ ಅಡಿಕೆ ಕೊನೆ ಇಳಿಯುವ ಮುಂಚೆ. ಮೊದಲ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಜನವರಿಯಲ್ಲಿ ಬರುವ ಜೀಪಿನಿಂದ ಮೊದಲು ಇಳಿಯುವುದು ಕರಪತ್ರದ ಕಟ್ಟು, ಅದರಲ್ಲಿ ಕಾಡಿಗೆ ಹೋಗಬೇಡಿ ಎಂದು ಬರೆದಿರುತ್ತದೆ. ಅಷ್ಟು ಹೊತ್ತಿಗೆ ಅರ್ಧ ಸುಗ್ಗಿ ಮುಗಿದಿರುತ್ತದೆ.